ಗೇಣುದ್ದದ ಲಾರಿಗೆ ಪ್ರೈಮರ್

ಹೊಸದಾಗಿ ಬಣ್ಣ ಬಳಿದ ಗೇಟು ಕಂಡರೆ ಸಾಕು, ಮನುಷ್ಯನ ತೋರುಬೆರಳಿಗೆ ಅದೇನೋ ತುರಿಕೆ ಹತ್ತಿಕೊಳ್ಳುತ್ತದೆ. 'ಹಸಿ ಬಣ್ಣ, ಮುಟ್ಟಬೇಡಿ' ಎಂದು ಬೋರ್ಡು ತೂಗುಹಾಕಿದರಂತೂ ಮುಗಿದೇ ಹೋಯಿತು. ಅದುವರೆಗೆ ತಮ್ಮ ಪಾಡಿಗೆ ತಾವು ಹೋಗುತ್ತಿದ್ದ ಸಜ್ಜನರೂ ನಿಂತು, ಅತ್ತಿತ್ತ ನೋಡಿ, ಬೆರಳೊತ್ತಿ, ಬೋರ್ಡು ಹೇಳಿದ್ದು ನಿಜವೆಂದು ಖಾತ್ರಿ ಮಾಡಿಕೊಂಡು, ಬೆರಳನ್ನು ಪ್ಯಾಂಟಿನ ಹಿಂಭಾಗಕ್ಕೆ ಒರೆಸಿಕೊಂಡು ಮುಂದೆ ಸಾಗುತ್ತಾರೆ. ಹೊಸಪೇಟೆಯ ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಬೋಧಿಸಿ, ಬಣ್ಣ ಒಣಗುವುದೆಂದರೆ ದ್ರಾವಕದ ಬಾಷ್ಪೀಭವನವೆಂದು ಸಾವಿರಾರು ಮಕ್ಕಳಿಗೆ ಉರುಹೊಡೆಸಿ ನಿವೃತ್ತನಾದ ನಾನೂ ಈ ವಿಷಯದಲ್ಲಿ ಶಾಸ್ತ್ರವನ್ನು ನಂಬದೆ ಬೆರಳನ್ನೇ ನಂಬುವವನು. ನೀವೂ ಅಷ್ಟೇ ಎಂದು ನನಗೆ ಗೊತ್ತು, ಸುಮ್ಮನೆ ಒಪ್ಪಿಕೊಂಡುಬಿಡಿ.

ಬೆರಳಿಗೆ ಸಿಕ್ಕುವುದು ಮೇಲಿನ ಬಣ್ಣ ಮಾತ್ರ. ಅದರ ಕೆಳಗೆ, ಬಣ್ಣವನ್ನು ವಸ್ತುವಿಗೆ ಕಚ್ಚಿ ಹಿಡಿದು ನಿಲ್ಲಿಸುವ, ತಾನು ಮಾತ್ರ ಯಾರ ಕಣ್ಣಿಗೂ ಬೀಳದ ಒಂದು ಪದರವಿರುತ್ತದೆ. ಅದೇ ಪ್ರೈಮರ್. ಹಂಪಿಗೆ ನೆಂಟರನ್ನು ಕರೆದುಕೊಂಡು ಹೋದಾಗಲೆಲ್ಲ ಗುಡಿಯ ಮಂಟಪದಲ್ಲಿ ಕತ್ತು ಮೇಲಕ್ಕೆತ್ತಿ ಛಾವಣಿಯ ಚಿತ್ರಗಳನ್ನು ನೋಡುತ್ತೇವೆ. ಗೈಡು ಚಿತ್ರದೊಳಗಿನ ಆನೆ, ಪಲ್ಲಕ್ಕಿ, ದೇವರ ಮದುವೆ ಎಲ್ಲವನ್ನೂ ಕೈಮಾಡಿ ತೋರಿಸುತ್ತಾನೆ. ಆ ಬಣ್ಣ ಉದುರದಂತೆ ಹೊತ್ತುಕೊಂಡಿರುವ ಗಾರೆಯ ಕುರಿತು ಒಂದು ಮಾತಾಡುವುದಿಲ್ಲ. ನಾನೇ ಆ ಮಾತೆತ್ತಿ ಭಾಷಣ ಶುರುಮಾಡಿದರೆ ನೆಂಟರು ಎಳನೀರಿನ ಗಾಡಿಯ ಕಡೆಗೆ ನಡೆದುಬಿಡುತ್ತಾರೆ.

ನಿವೃತ್ತಿಯ ನಂತರ ನನ್ನ ಓರಗೆಯವರು ಟಿ.ಬಿ. ಡ್ಯಾಂ ಕಡೆಗೆ ವಾಯುವಿಹಾರಕ್ಕೆ ಹೊರಟರು, ಕೆಲವರು ಭಜನಾಮಂಡಳಿ ಸೇರಿದರು. ನಾನು ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಪುಟ್ಟ ಪುಟ್ಟ ರೈಲು ಇಂಜಿನ್ನು, ಟ್ರ್ಯಾಕ್ಟರು, ಲಾರಿಗಳನ್ನು ಮಾಡುವ ಹುಚ್ಚು ಹಚ್ಚಿಕೊಂಡೆ. ಅವುಗಳಿಗೆ ಕುಂಚದಿಂದ ಬಣ್ಣ ಬಳಿದರೆ ಗೆರೆ ಮೂಡುತ್ತದೆಂದು ಏರ್‌ಬ್ರಷ್ ತರಿಸಿದೆ. ಪೆನ್ನಿನಂತೆ ಬೆರಳ ಸಂದಿಯಲ್ಲಿ ಹಿಡಿದು, ಗಾಳಿಯ ಒತ್ತಡದಿಂದ ಬಣ್ಣವನ್ನು ಮಂಜಿನಂತೆ ಊದುವ ಯಂತ್ರವದು. ಗಾಳಿ ಒದಗಿಸಲು ಜೊತೆಗೊಂದು ಕಂಪ್ರೆಸರ್. ಅದು ಮೊದಲ ಸಲ 'ಟರ್ರ್' ಎಂದಾಗ ಎದುರುಮನೆಯವರು ಸೈಕಲ್ ತಳ್ಳಿಕೊಂಡು ಬಂದು, "ಸರ್, ಹಿಂದಿನ ಗಾಲಿಗೆ ಸ್ವಲ್ಪ ಗಾಳಿ ಹಾಕ್ತೀರೇನ್ರಿ?" ಎಂದು ಕೇಳಿದರು. ಹಾಕಿಕೊಟ್ಟೆ. ನನ್ನ ಹೆಂಡತಿ ಸುಮಂಗಲಾ ಮಾತ್ರ, "ಪೆನ್ಶನ್ ಸಾಲ್ದಂತ ಪಂಕ್ಚರ್ ಅಂಗಡಿ ಇಟ್ಟಾರ ಅಂತ ಓಣಿ ತುಂಬ ಸುದ್ದಿ ಆಗೇತಿ ನೋಡ್ರಿ" ಎಂದು ಇವತ್ತಿಗೂ ಆಡಿಕೊಳ್ಳುತ್ತಾಳೆ.

ಪ್ರೈಮರಿನ ಆಯ್ಕೆಯಲ್ಲಿ ನಾನು ಯಾರಿಗೂ ತಲೆಬಾಗುವವನಲ್ಲ ಎಂಬುದನ್ನು ವಿನಯಪೂರ್ವಕವಾಗಿಯೇ ತಿಳಿಸುತ್ತೇನೆ. ಅದರಲ್ಲಿ ಸ್ಥೂಲವಾಗಿ ಎರಡು ಕುಲ. ನೀರಿನಲ್ಲಿ ಕದಡುವುದೊಂದು: ವಾಸನೆಯಿಲ್ಲ, ಗೃಹಶಾಂತಿಗೆ ಭಂಗವಿಲ್ಲ, ಆದರೆ ಪ್ಲಾಸ್ಟಿಕ್ಕಿನ ಮೇಲೆ ಚಾದರದಂತೆ ಹೊದ್ದುಕೊಳ್ಳುತ್ತದೆಯೇ ಹೊರತು ಒಳಕ್ಕೆ ಕಚ್ಚುವುದಿಲ್ಲ, ಅಡಿಯ ಮೈ ಶುದ್ಧವಿದ್ದರೆ ಮಾತ್ರ ನಿಲ್ಲುತ್ತದೆ. ಥಿನ್ನರಿನಲ್ಲಿ ಕದಡುವ ಲ್ಯಾಕರ್ ಇನ್ನೊಂದು: ಮೂಗು ಸುಡುತ್ತದೆ, ಮುಖಕ್ಕೆ ಮುಸುಕು ಬೇಕು, ಕಿಟಕಿ ತೆರೆದಿರಬೇಕು, ಆದರೆ ಹಿಡಿದರೆ ಉಡ ಹಿಡಿದಂತೆ. ಬೂದುಬಣ್ಣದ್ದು ಮೈಮೇಲಿನ ಗೀರುಗಳನ್ನೆಲ್ಲ ಬಯಲಿಗೆಳೆಯುತ್ತದೆ, ಕಪ್ಪು ನೆರಳಿಗೆ ಒಳ್ಳೆಯದು, ಬಿಳಿ ತನ್ನ ಮೇಲೆ ಬರುವ ಬಣ್ಣವನ್ನು ಬೆಳಗಿಸುತ್ತದೆ. ಯಾವುದಾದರೂ ಸರಿ, ಹಾಲಿನಷ್ಟು ತೆಳ್ಳಗೆ ಕದಡಿ, ಒಂದೇ ಸಲಕ್ಕೆ ಮುಚ್ಚಿಬಿಡುವ ಆತುರ ಮಾಡದೆ, ತೆಳುವಾಗಿ ಮೂರು ನಾಲ್ಕು ಸಲ ಊದಬೇಕು. ಇಷ್ಟೆಲ್ಲ ಬಲ್ಲ ನಾನು ಮಾಡಿದ ಘನಕಾರ್ಯವನ್ನು ಹೇಳಲೆಂದೇ ಈ ಪೀಠಿಕೆ.

ಹೋದ ಬೇಸಿಗೆಯಲ್ಲಿ ಸಂಡೂರಿನ ಅದಿರು ಸಾಗಿಸುವ ಲಾರಿಯೊಂದನ್ನು ಗೇಣುದ್ದಕ್ಕೆ ಇಳಿಸಿ ಕಟ್ಟುತ್ತಿದ್ದೆ. ಅದನ್ನು ನೋಡಲು ಪೇಂಟರ್ ಹುಲುಗಪ್ಪ ಬಂದರು. ಕಂಪ್ಲಿ ರಸ್ತೆಯಲ್ಲಿ ಅವರದೊಂದು ಶೆಡ್ಡಿತ್ತು. ಈ ಸೀಮೆಯ ಲಾರಿಗಳ ಹಣೆಯ ಮೇಲಿನ ಹೆಸರು, ಬಾಗಿಲ ಮೇಲಿನ ಕಮಲ, ಬಾಜುವಿನುದ್ದಕ್ಕೂ ಒಂದೇ ಉಸಿರಿನಲ್ಲಿ ಎಳೆದ ಕೆಂಪು ಪಟ್ಟಿ, ಇವೆಲ್ಲ ಬಹುಪಾಲು ಅವರ ಕೈಯವೇ. ಹಲಗೆ ಹಿಡಿಯದೆ, ದಾರ ಕಟ್ಟದೆ, ಬರಿಗೈಯಲ್ಲಿ ಹತ್ತು ಮಾರು ಪಟ್ಟಿ ಎಳೆಯುತ್ತಿದ್ದ ಮನುಷ್ಯ. ಎರಡು ವರ್ಷದಿಂದ ಬಲಗೈ ನಡುಗತೊಡಗಿ, ಡಾಕ್ಟರು ಕೊಟ್ಟ ಗುಳಿಗೆಯಿಂದ ಅರ್ಧ ಕಡಿಮೆಯಾಗಿ, ಇನ್ನರ್ಧ ಹಾಗೆಯೇ ಉಳಿದು, ಶೆಡ್ಡು ಮುಚ್ಚಿಬಿಟ್ಟಿದ್ದರು. ಲಾರಿಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು.

"ಸರ್, ಇದಕ್ಕ ಬಣ್ಣ ನೀವಾ ಹೊಡೀರಿ. ಪಟ್ಟಿ ಮಾತ್ರ ನನಗ ಬಿಡ್ರಿ," ಎಂದರು. "ಕೈ ಐತೋ ಹೋಗೈತೋ, ಒಂದ್ಸಲ ನೋಡೇ ಬಿಡ್ತೀನಿ."

ಇಂಥ ಮಾತು ಕೇಳಿದ ಮೇಲೆ ಯಾವ ಮನುಷ್ಯನಾದರೂ ಎಚ್ಚರದಿಂದ ಕೆಲಸ ಮಾಡಬೇಕು. ನಾನು ಮಾಡಿದ್ದನ್ನು ಕೇಳಿ. ಅಂದು ಮಧ್ಯಾಹ್ನ ಮಂಡಾಳೊಗ್ಗರಣೆ, ಮಿರ್ಚಿ ತಿಂದೆ. ಕೈಯನ್ನು ಕಾಗದಕ್ಕೆ ಒರೆಸಿದೆ, ತೊಳೆಯಲಿಲ್ಲ. ಅದೇ ಬೆರಳುಗಳಿಂದ ಲಾರಿಯನ್ನು ಎತ್ತಿಕೊಂಡು, ಹೊಸಪೇಟೆಯ ಬಿಸಿಲೆಂದರೆ ಮೆಣಸಿನಕಾಯಿ, ಹಪ್ಪಳ, ಸಂಡಿಗೆ ಯಾವುದನ್ನೂ ಒಂದೊಪ್ಪತ್ತಿನಲ್ಲಿ ಒಣಗಿಸಿ ಕೊಡುವ ಊರಿನ ಆಸ್ತಿ ಎಂಬ ಹೆಮ್ಮೆಯಿಂದ, ನೆತ್ತಿ ಸುಡುವ ಹೊತ್ತಿನಲ್ಲಿ ಮಾಳಿಗೆ ಹತ್ತಿದೆ. ಬೂದುಬಣ್ಣದ, ನೀರಿನಲ್ಲಿ ಕದಡುವ ಪ್ರೈಮರನ್ನು ಊದಿದೆ. ಆ ಬಿಸಿಲಿಗೆ ಹನಿಗಳು ಲಾರಿಯನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ, ಹುಡಿಯಾಗಿ ಉದುರಿ ಕುಳಿತವು. ಸಂಡೂರಿನ ಕಡೆಯಿಂದ ಬೀಸುವ ಗಾಳಿ ತನ್ನ ಪಾಲಿನ ಕೆಂಪು ಧೂಳನ್ನೂ ಸೇರಿಸಿತು.

ಸುಮಂಗಲಾ ಒಮ್ಮೆ ನೋಡಿ, "ಜೋಳದ ರೊಟ್ಟಿಗೆ ಒಣಹಿಟ್ಟು ಹೆಚ್ಚಾದಂಗ ಆಗೇತಲ್ರೀ," ಎಂದಳು. ಮೇಲೊಂದು ಹಳದಿ ಹೊಡೆದರೆ ಎಲ್ಲ ಮುಚ್ಚಿಹೋಗುತ್ತದೆ ಎಂದೆ, ಹೊಡೆದೂಬಿಟ್ಟೆ. ಮಾಸ್ತರಿಕೆ ಮಾಡಿದವರಿಗೆ ಈ ಒಂದು ರೋಗ ಇದ್ದದ್ದೇ: ತಪ್ಪು ಗೊತ್ತಾದ ಕೂಡಲೇ ದನಿ ಒಂದು ಮಟ್ಟ ಏರುತ್ತದೆ.

ಮೂರನೆಯ ದಿನ ಹುಲುಗಪ್ಪ ತಮ್ಮ ಕುಂಚದ ಡಬ್ಬಿ ಹಿಡಿದುಕೊಂಡು ಬಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಕೆಂಪು ಬಣ್ಣದಲ್ಲಿ ಕುಂಚ ಅದ್ದಿ, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದು, ಪಟ್ಟಿ ಎಳೆದರು. ನಡುವೆ ಒಂದು ಕಡೆ ಸೊಟ್ಟಾಯಿತು. ಅದು ದೊಡ್ಡ ಮಾತಲ್ಲ. ಪೇಂಟರುಗಳು ಸೊಟ್ಟಾದ ಕಡೆ ಟರ್ಪೆಂಟೈನಿನ ಬಟ್ಟೆಯಿಂದ ಒರೆಸಿ ಮತ್ತೆ ಎಳೆಯುತ್ತಾರೆ. ಅವರೂ ಒರೆಸಿದರು. ಕೆಂಪಿನ ಜೊತೆ ಹಳದಿ, ಹಳದಿಯ ಜೊತೆ ಪ್ರೈಮರು, ಎಲ್ಲ ಉಳ್ಳಾಗಡ್ಡಿಯ ಸಿಪ್ಪೆಯಂತೆ ಎದ್ದು ಬಂದು, ಕೆಳಗಿನ ಪ್ಲಾಸ್ಟಿಕ್ಕು ಬೆತ್ತಲಾಯಿತು. ಹುಲುಗಪ್ಪ ಬಟ್ಟೆಯನ್ನೂ ತಮ್ಮ ಕೈಯನ್ನೂ ನೋಡಿಕೊಂಡರು.

"ಒರಸೋ ಹದಾನೂ ಹೋತು ನೋಡ್ರಿ ಸರ್. ಎಷ್ಟು ಒತ್ತಾಕತ್ತೀನಿ ಅಂತಾನ ತಿಳೀವಲ್ದು. ಚಲೋ ಲಾರಿ ಕೆಡಿಸಿಬಿಟ್ಟೆ, ತಪ್ಪು ತಿಳೀಬ್ಯಾಡ್ರಿ."

ತಪ್ಪು ಅವರದಲ್ಲ ಎಂದು ನನಗೆ ಆ ಕ್ಷಣವೇ ಗೊತ್ತಿತ್ತು. ಸಿಪ್ಪೆ ಎದ್ದ ಜಾಗದಲ್ಲಿ ನನ್ನ ಹೆಬ್ಬೆರಳಿನ ಎಣ್ಣೆಯ ಗುರುತು ಗುಂಡಗೆ ಹೊಳೆಯುತ್ತಿತ್ತು. ಹೇಳಬೇಕಿತ್ತು. ಹೇಳಲಿಲ್ಲ. ರಸಾಯನಶಾಸ್ತ್ರದ ಮೇಷ್ಟರು ಮಿರ್ಚಿ ತಿಂದ ಕೈ ತೊಳೆಯದೆ ಪ್ರೈಮರ್ ಹೊಡೆದರೆಂದು ಹೇಗೆ ಹೇಳುವುದು? "ಇರಲಿ ಬಿಡಿ, ಇನ್ನೊಮ್ಮೆ ನೋಡೋಣ," ಎಂದು ಗಂಭೀರವಾಗಿ ಚಹಾ ಕುಡಿಸಿ ಕಳಿಸಿದೆ. ನಾಚಿಕೆಯಾಗಬೇಕು ನನಗೆ, ಆಯಿತು ಕೂಡ, ಆದರೆ ಹದಿನೈದು ದಿನ ತಡವಾಗಿ.

ತಡವಾದರೂ ಆಗುವಂತೆ ಮಾಡಿದವಳು ಸುಮಂಗಲಾ. ಸಂತೆಯಿಂದ ಬಂದವಳು ಚೀಲವನ್ನು ದೊಪ್ಪನೆ ಇಟ್ಟು, "ಹುಲುಗಪ್ಪನವರ ಹೆಂಡ್ತಿ ಸಿಕ್ಕಿದ್ರು. ಕುಂಚದ ಡಬ್ಬಿ ಕಂಪ್ಲಿ ಅಳಿಯಗ ಕೊಟ್ಟುಬಿಡ್ತಾರಂತ, ನಾಳೆ ಬರ್ತಾನಂತ ಒಯ್ಯಾಕ. ಆ ಮನಷ್ಯಾ ಊಟಾನೂ ಸರಿ ಮಾಡವಲ್ನಂತ," ಎಂದಳು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಮರ್ಯಾದಿ ಅವರ ಕೈಗಿಂತ ದೊಡ್ಡದೇನ್ರಿ? ಹೋಗಿ ಹೇಳಿ ಬರ್ರಿ," ಎಂದಳು. ಅವಳು ದನಿ ಏರಿಸಿದರೆ ನಾನು ವಾದಿಸಬಲ್ಲೆ, ತಗ್ಗಿಸಿದರೆ ಚಪ್ಪಲಿ ಮೆಟ್ಟಿಕೊಳ್ಳುವುದೊಂದೇ ದಾರಿ.

ಹುಲುಗಪ್ಪ ತಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದರು. ಸುತ್ತುಬಳಸಿ ಹೇಳಲು ಏನೇನೋ ವಾಕ್ಯ ಜೋಡಿಸಿಕೊಂಡು ಹೋಗಿದ್ದವನು ಎಲ್ಲ ಮರೆತು, "ಹುಲುಗಪ್ಪಣ್ಣ, ಬಣ್ಣ ಎದ್ದದ್ದು ನಿಮ್ಮ ಕೈಯಿಂದಲ್ಲ. ನನ್ನ ಪ್ರೈಮರೇ ಹಿಡಿದಿರಲಿಲ್ಲ. ಅವತ್ತೇ ಗೊತ್ತಿತ್ತು, ಹೇಳಲಿಲ್ಲ," ಎಂದುಬಿಟ್ಟೆ. ಮಿರ್ಚಿ, ಮಾಳಿಗೆ, ಮಟಮಟ ಮಧ್ಯಾಹ್ನ, ಎಲ್ಲವನ್ನೂ ಒಪ್ಪಿಸಿದೆ.

ಅವರು ನಗಬಹುದೆಂದು ಒಳಗೊಳಗೇ ಆಸೆಯಿತ್ತು. ಅವರು ನಗಲಿಲ್ಲ.

"ಅಲ್ರೀ ಸರ್, ಹದಿನೈದು ದಿನ!" ಎಂದರು. "ಹದಿನೈದು ದಿನ ನನ್ನ ಕೈಯನ್ನ ನಾನಾ ಬೈಕೊಂಡೀನಲ್ರೀ! ಒಂದು ಮಾತು ಹೇಳಾಕ ಬಾಯಿ ಬರ್ಲಿಲ್ಲೇನ್ರಿ ನಿಮಗ?"

ನಾನು ಕಟ್ಟೆಯ ತುದಿಯಲ್ಲಿ ಕುಳಿತೆ. ಆಮೇಲೆ ಅವರೇ ಮೂಗು ಒರೆಸಿಕೊಂಡು ಕೇಳಿದರು: "ಯಾವ ಬಣ್ಣದ್ದು ಹೊಡದಿದ್ರಿ ಪ್ರೈಮರ್?"

"ಬೂದಿ."

"ಅಯ್ಯ ನಿಮ್ಮ! ಹಳದಿ ಕೆಳಗ ಬಿಳಿ ಇರಬೇಕ್ರಿ. ಬೂದಿ ಮ್ಯಾಲ ಹಳದಿ ಹೊಡದ್ರ ಗಾಡಿಗೆ ಕಾಮಣಿ ಬ್ಯಾನಿ ಬಂದಂಗ ಕಾಣ್ತೈತಿ. ಬ್ಯಾಸಿಗ್ಯಾಗ ನಿಧಾನ ಒಣಗೋ ಥಿನ್ನರ್ ಹಾಕ್ಬೇಕು, ಅದೂ ಹೊತ್ತೇರೋಕಿಂತ ಮೊದ್ಲ. ಪುಸ್ತಕ ಓದೋರಿಗೆ ಇದನ್ನ ಯಾರೂ ಹೇಳಂಗಿಲ್ಲೇನು?" ಎಂದು ಬೈಯುತ್ತಲೇ ಎದ್ದು ನಿಂತರು. ಅಷ್ಟು ಸುಖವಾದ ಬೈಗುಳವನ್ನು ನಾನು ಜನ್ಮದಲ್ಲಿ ತಿಂದಿರಲಿಲ್ಲ.

ಮರುದಿನ ಬಂದ ಅಳಿಯ ಬರಿಗೈಯಲ್ಲಿ ಕಂಪ್ಲಿಗೆ ಹಿಂತಿರುಗಿದ. ನಾನು ಹಳೆಯ ಬಣ್ಣವನ್ನೆಲ್ಲ ಸ್ಪಿರಿಟ್ಟಿನಿಂದ ಕಳಚಿ, ಲಾರಿಯನ್ನು ಸೋಪಿನ ನೀರಿನಲ್ಲಿ ಮೀಯಿಸಿ, ಬೋರಿನ ನೀರು ಉಪ್ಪಿನ ಕಲೆ ಬಿಡುತ್ತದೆಂದು ಕುಡಿಯುವ ನೀರಿನಲ್ಲಿ ತೊಳೆದು, ನನ್ನ ಕೈಯನ್ನು ಅದಕ್ಕಿಂತ ಹೆಚ್ಚು ಸಲ ತೊಳೆದೆ. ಹುಲುಗಪ್ಪ ನಿಜವಾದ ಲಾರಿಗಳಿಗೆ ಬಳಸುವ ಥಿನ್ನರ್ ಪ್ಲಾಸ್ಟಿಕ್ಕನ್ನೇ ಕರಗಿಸಿಬಿಡುತ್ತದೆಂಬ ನನ್ನ ರಸಾಯನಶಾಸ್ತ್ರಕ್ಕೂ, ನಿಧಾನ ಒಣಗಬೇಕೆಂಬ ಅವರ ಅನುಭವಕ್ಕೂ ರಾಜಿಯಾಗಿ, ಮಾದರಿಗಳಿಗೆಂದೇ ಬರುವ ಸೌಮ್ಯವಾದ, ನಿಧಾನದ ಥಿನ್ನರ್ ತರಿಸಿದೆವು. ಬೆಳಗಿನ ಆರು ಗಂಟೆಗೆ, ಹಿತ್ತಲ ನೆರಳಿನಲ್ಲಿ, ಮುಸುಕು ಕಟ್ಟಿಕೊಂಡು ಬಿಳಿ ಲ್ಯಾಕರ್ ಪ್ರೈಮರ್ ಊದಿದೆ. ಮೊದಲ ಸಲ ಮಂಜು ಹಿಡಿದಷ್ಟು, ಎರಡನೆಯ ಸಲ ಸುಣ್ಣದ ನೀರು ತಾಗಿಸಿದಷ್ಟು, ಮೂರನೆಯ ಸಲಕ್ಕೆ ಮೊಟ್ಟೆಯ ಚಿಪ್ಪಿನ ನಯ ಬಂತು. ಹಳದಿಯನ್ನೂ ಹಾಗೆಯೇ ತಾಳ್ಮೆಯಿಂದ ಹೊಡೆದು, ಐದು ದಿನ ಯಾರೂ ಮುಟ್ಟದಂತೆ ದೇವರಮನೆಯ ಕಪಾಟಿನಲ್ಲಿಟ್ಟೆವು.

ಆರನೆಯ ದಿನ ಹುಲುಗಪ್ಪ ಕುಂಚ ಹಿಡಿದರು. ಮೊದಲ ಪಟ್ಟಿ ಸೊಟ್ಟಾಯಿತು, ಒರೆಸಿದರು, ಕೆಂಪು ಮಾತ್ರ ಹೋಯಿತು, ಹಳದಿ ಅಲುಗಲಿಲ್ಲ. ಅವರು ತಲೆಯೆತ್ತಿ ನನ್ನನ್ನೊಮ್ಮೆ ನೋಡಿ, ಮತ್ತೆ ಕುಂಚ ಅದ್ದಿದರು. ಎರಡನೆಯದೂ ಸೊಟ್ಟ, ಒರೆಸಿದರು. ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ. ಪಟ್ಟಿ ಎಳೆಯುವುದು ನನ್ನಿಂದಾಗದ ಕೆಲಸ, ಅವರ ನಡುಕ ನಿಲ್ಲಿಸುವುದು ಯಾವ ಶಾಸ್ತ್ರಕ್ಕೂ ಆಗದ ಕೆಲಸ; ಆದರೆ ಅವರು ಎಷ್ಟು ಸಲ ತಪ್ಪಿದರೂ ಮತ್ತೆ ಎಳೆಯಲು ಒಂದು ಗಟ್ಟಿ ಮೈ ಒದಗಿಸುವುದು ನನ್ನಿಂದಾಗುತ್ತದೆ, ಆಗಿದೆ, ಎಂದು ನನಗೆ ಬಹಳ ಸಂತೋಷವಾಯಿತು. ಪ್ರೈಮರಿನಿಂದ ನಾವು ಬೇಡುವುದು ಇನ್ನೇನನ್ನು?

ಕೊನೆಗೊಂದು ಪಟ್ಟಿ ಮುಂಬಾಗಿಲಿನಿಂದ ಹಿಂದಿನ ತುದಿಯವರೆಗೆ ಒಂದೇ ಉಸಿರಿನಲ್ಲಿ ಹೋಯಿತು. ನಡುವೆ ಎಳ್ಳಿನಷ್ಟು ಅಲುಗಿತ್ತು. ಸುಮಂಗಲಾ ಒರೆಸುವ ಬಟ್ಟೆಯನ್ನು ಮುಂದೆ ಚಾಚಿದಳು. ಹುಲುಗಪ್ಪ ಅದನ್ನು ತೆಗೆದುಕೊಳ್ಳಲಿಲ್ಲ.

"ಇರ್ಲಿ ಬಿಡ್ರವ್ವ," ಎಂದರು. "ಸಂಡೂರು ರಸ್ತ್ಯಾಗ ಓಡೋ ಗಾಡಿ. ಅಲುಗಾಡಲಾರದ ಇರ್ತೈತೇನು?" ಕುಂಚವನ್ನು ಮತ್ತೆ ಕೆಂಪಿನಲ್ಲಿ ಅದ್ದಿಕೊಂಡು ನನ್ನ ಕಡೆ ತಿರುಗಿದರು. "ಏನ್ ನೋಡ್ಕೊಂತ ನಿಂತ್ರಿ ಸರ್? ತಿರುಗಸ್ರಿ ಗಾಡಿ, ಆ ಕಡೀ ಬಾಜು ಇನ್ನೂ ಐತಿ."