ಗೊರೇಬಾಳದ ಕಣದ ಅಂಚಿಗೆ

ಶ್ರಾವಣದ ಒಂದು ಬುಧವಾರ ಬೆಳಿಗ್ಗೆ, ರಾತ್ರಿ ಪಾಳಿ ಮುಗಿಸಿ ಹಟ್ಟಿ ಗಣಿಯ ನಮ್ಮ ಕ್ವಾರ್ಟರ್ಸಿಗೆ ಬಂದಾಗ ನನ್ನ ಹೆಂಡತಿ ನೀಲಮ್ಮ ಅಂಗಳದ ಕಟ್ಟೆಯ ಮೇಲೆ ಕೂತು ತನ್ನ ಕ್ಯಾಲಿಪರಿನ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಡುತ್ತಿದ್ದಳು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವಳ ಎಡಗಾಲು ಸೋತಿತ್ತು. ತೊಡೆಯಿಂದ ಪಾದದವರೆಗೆ ಎರಡು ಕಬ್ಬಿಣದ ಪಟ್ಟಿ, ಅವನ್ನು ಹಿಡಿದಿಡಲು ಚರ್ಮದ ಬೆಲ್ಟು, ಕೆಳಗೆ ಕಬ್ಬಿಣಕ್ಕೇ ಕೂಡಿಸಿದ ಬೂಟು. ಅದನ್ನು ಕಟ್ಟಿಕೊಂಡರೆ ಅವಳು ಕೋಲು ಊರಿ ಎಲ್ಲಿಗೆ ಬೇಕಾದರೂ ಹೋಗುತ್ತಿದ್ದಳು. ಬಿಚ್ಚಿದರೆ ನಿಲ್ಲಲು ಆಗುತ್ತಿರಲಿಲ್ಲ.

"ನಿಮ್ಮ ಮೊಣಕಾಲಿಗೂ ಒಂದು ಹನಿ ಬಿಡ್ಲೇನ್ರೀ? ಮೆಟ್ಲು ಹತ್ತುವಾಗ ನನ್ನ ಕಬ್ಬಿಣಕ್ಕಿಂತ ನೀವೇ ಹೆಚ್ಚು ಸಪ್ಪಳ ಮಾಡ್ತೀರಿ" ಎಂದು ನಕ್ಕಳು.

"ಹೊತ್ತಾಗೇದ, ನಿನ್ನ ಬಸ್ಸು ತಪ್ಪೀತು" ಎಂದೆ.

"ಬುಟ್ಟ್ಯಾಗ ರೊಟ್ಟಿ ಇಟ್ಟೀನಿ. ಉಂಡು ಮಲಕೋರಿ. ಸಂಜೀಗೆ ಬರ್ತೀನಿ."

ನಾನು ಉಂಡು ಮಲಗಿದೆ. ಸಂಜೆ ಅವಳು ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಎದೆ ನೋವೆಂದು ಬೆಂಚಿನ ಮೇಲೆ ಕೂತಳಂತೆ. ಯಾರೋ ರಿಕ್ಷಾ ತರುವುದರೊಳಗೆ ಎಲ್ಲ ಮುಗಿದಿತ್ತು.

ಲಿಂಗಸುಗೂರಿನಲ್ಲಿ ಅಂಗವಿಕಲ ಮಕ್ಕಳ ಕೇಂದ್ರವೊಂದಿದೆ. ಒಂದು ಕಡೆ ಕ್ಯಾಲಿಪರ್, ಊರುಗೋಲು ಮಾಡುವ ವರ್ಕ್‌ಶಾಪು, ಇನ್ನೊಂದು ಕಡೆ ಮಕ್ಕಳ ಹಾಸ್ಟೆಲು. ಅದಕ್ಕೆ ಬೇಕಾದ ಧಾನ್ಯ, ಬಟ್ಟೆ, ಹಣ ಕೂಡಿಸುವುದು, ಊರೂರಿನ ಜನರೊಂದಿಗೆ ಸಂಬಂಧ ಉಳಿಸಿಕೊಳ್ಳುವುದು ನೀಲಮ್ಮನ ಕೆಲಸ. ಕಾಗದದ ಮೇಲೆ ಅವಳು ಸಂಪರ್ಕಾಧಿಕಾರಿ. ಯಾರಾದರೂ ಕೇಳಿದರೆ "ಊರು ತಿರುಗೋ ಕೆಲಸ" ಎನ್ನುತ್ತಿದ್ದಳು. ಗಣಿಯ ಪಾಳಿಯಿಂದಾಗಿ ನಾನು ಅವಳ ಜೊತೆ ಒಂದು ಊರಿಗೂ ಹೋದವನಲ್ಲ. ಆ ತಿರುಗಾಟ ಎಂಥದೆಂದು ನೋಡಿದ್ದು ಅವಳಿಲ್ಲದ ಮೇಲೆ, ಭತ್ತದ ಸುಗ್ಗಿಯಲ್ಲಿ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಕೇಂದ್ರದ ಅಧ್ಯಕ್ಷರು ಬಸವಂತರಾಯ ಮಾಸ್ತರು. ಅವರು ಬರಹೇಳಿದ್ದಕ್ಕೆ ರಜೆ ಹಾಕಿ ಬೆಳಗಿನ ಬಸ್ಸಿಗೆ ಹೊರಟೆ. ಚಳಿ ಇತ್ತು. ಕಿಟಕಿಯ ಗಾಜು ಮೇಲೇಳುತ್ತಿರಲಿಲ್ಲ, ಟವೆಲು ತಲೆಗೆ ಸುತ್ತಿಕೊಂಡೆ. ಲಿಂಗಸುಗೂರಿನಲ್ಲಿ ಇಳಿದಾಗ ಆ ಬೆಂಚಿನ ಕಡೆ ನೋಡದೆ ನೇರ ಕೇಂದ್ರಕ್ಕೆ ನಡೆದೆ.

ಮಾಸ್ತರು ಚಹಾ ತರಿಸಿದರು. ಸುತ್ತು ಹಾಕದೆ ವಿಷಯ ಹೇಳಿದರು.

"ಅಮರೇಶಪ್ಪ, ಹಾಸ್ಟೆಲಿನ ಅಕ್ಕಿ ಸಂಕ್ರಾಂತಿ ತನಕ ಬರ್ತದ. ಆಮೇಲೆ ಇಲ್ಲ. ಸಿಂಧನೂರ ಕಡೀ ಆಯ ಈ ಸಲ ಬರದಿದ್ರ ಅಡಿಗಿಮನಿ ಮುಚ್ಚಬೇಕು, ಮಕ್ಕಳನ್ನ ಮನೀಗೆ ಕಳಸಬೇಕು."

ಆಯ ಎಂದರೆ ನಮ್ಮ ಕಡೆಯವರಿಗೆ ಗೊತ್ತು. ಬಡಿಗ, ಕಮ್ಮಾರ ವರ್ಷವಿಡೀ ರೈತರ ನೇಗಿಲು, ಕುಡುಗೋಲು ರಿಪೇರಿ ಮಾಡುತ್ತಾರೆ, ದುಡ್ಡು ಮುಟ್ಟುವುದಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರಾಶಿಯಿಂದ ಅವರ ಪಾಲು ಅಳೆದು ಕೊಡುತ್ತಾರೆ. ಅದು ದಾನವಲ್ಲ, ಹಕ್ಕು. ನೀಲಮ್ಮ ಕೇಂದ್ರವನ್ನು ಆ ಸಾಲಿಗೆ ಸೇರಿಸಿದ್ದಳು. ಒಂದು ಊರಿಗೆ ಹೋದರೆ ಮೊದಲು ಆ ಊರಿನ ಅಂಗವಿಕಲರಿಗೆಲ್ಲ ಒಂದು ವರ್ಷ ಪುಕ್ಕಟೆ ಕ್ಯಾಲಿಪರು, ಕೋಲು, ರಿಪೇರಿ ಮಾಡಿಸುತ್ತಿದ್ದಳು. ಸುಗ್ಗಿ ಬಂದ ಮೇಲಷ್ಟೇ ಕಣಕ್ಕೆ ಹೋಗುತ್ತಿದ್ದಳು. ಆಯಕ್ಕೆ ಒಂದು ಕಟ್ಟಳೆ ಇದೆ. ಆಯಗಾರ ಸತ್ತರೆ ಆ ವರ್ಷ ಅವನ ಮನೆಯವರು ಬಂದು ಕಣಕ್ಕೆ ನಿಲ್ಲಬೇಕು. ನಿಲ್ಲದಿದ್ದರೆ ಆ ಪಾಲು ಅಲ್ಲಿಗೆ ಮುಗಿಯಿತು.

"ನಮ್ಮ ಮ್ಯಾನೇಜರು ಹೋಗಿದ್ದ" ಎಂದರು ಮಾಸ್ತರು. "ಆಟೋಕ್ಕ ಮೈಕ್ ಕಟ್ಟಿಸಿ, ದಾನಿಗಳೇ ಸಹಾಯ ಮಾಡ್ರಿ ಅಂತ ಊರೆಲ್ಲ ಕೂಗಿಸಿದ. ಮಂದಿ ಬೇಡಾಕ ಬಂದ ಜೋಗಪ್ಪಗ ಹಾಕಿದಂಗ ಒಂದೊಂದು ಬೊಗಸಿ ಹಾಕಿ ಕಳಿಸ್ಯಾರ. ಪಾಪ, ಅವನ ತಪ್ಪಲ್ಲ. ಬೆಂಗಳೂರಾಗ ಕಲಿತು ಬಂದಾನ. ನೀವು ಆಕೀ ಮನಿಯವ್ರು. ನೀವು ಹೋಗ್ರಿ."

"ನನಗ ಮಾತಾಡಾಕ ಬರಂಗಿಲ್ರೀ."

"ಅಲ್ಲಿ ಮಾತಿನ ಕೆಲಸ ಇಲ್ಲ ಅಂತಿದ್ಲು ನೀಲಮ್ಮ. ನನಗೂ ಅಷ್ಟೇ ಗೊತ್ತು."

ಊರುಗಳಲ್ಲಿ ಮೊದಲು ಗೊರೇಬಾಳ. ಅಲ್ಲಿಯ ಗೌಡ ದೊಡ್ಡಬಸಪ್ಪನ ಕಣದಲ್ಲಿ ಆಯ ಸಿಕ್ಕರೆ ಸುತ್ತಲಿನ ಕಣಗಳಲ್ಲೂ ಸಿಗುತ್ತದೆ, ಅಲ್ಲಿ ತಪ್ಪಿದರೆ ಎಲ್ಲ ಕಡೆ ತಪ್ಪುತ್ತದೆ ಎಂದರು. ಮರುದಿನ ಅಲ್ಲಿ ರಾಶಿ ಇತ್ತು.

ಮಧ್ಯಾಹ್ನದ ಬಸ್ಸು ಮಸ್ಕಿಯವರೆಗೆ ಒಣ ಭೂಮಿಯ ನಡುವೆ ಓಡಿತು. ಜೋಳ ಮೊಣಕಾಲೆತ್ತರ ಬಂದಿತ್ತು, ತೊಗರಿ ಹೂವಾಗಿತ್ತು. ಟಿಕೆಟ್ ಕೊಡಲು ಬಂದ ಕಂಡಕ್ಟರು ನನ್ನ ಕೈಯಲ್ಲಿದ್ದ ಕೇಂದ್ರದ ಚೀಲ ನೋಡಿ, "ಇದು ನೀಲಕ್ಕಾರ ಚೀಲ ಅಲ್ಲೇನ್ರಿ?" ಎಂದ. ಹೌದೆಂದೆ. "ಆ ಅಕ್ಕಾರಿಗೆ ನಾ ಬರ್ರಿ, ಕೈ ಹಿಡೀತೀನಿ ಅಂದ್ರ, ನೀ ಬಸ್ ಪೂರಾ ನಿಂದರ್ಸು, ಕೈ ನನ್ಹತ್ರ ಎರಡದಾವ ಅನ್ನೋರು. ನಮ್ ಡ್ರೈವರ್ ಯಾರಿಗೂ ಪೂರಾ ನಿಂದರ್ಸಾವಲ್ಲ. ಈಗ ಮುದುಕರಿಗೂ ನಿಂದರ್ಸತಾನ ನೋಡ್ರಿ." ಮಸ್ಕಿಯಲ್ಲಿ ಬಸ್ಸು ಪೂರಾ ನಿಂತ ಮೇಲೆಯೇ ನಾನು ಇಳಿದೆ.

ಮಸ್ಕಿಯ ಬಜಾರಿನಲ್ಲಿ ವೀರಭದ್ರಪ್ಪ ಶೆಟ್ಟರದು ಬಟ್ಟೆ ಅಂಗಡಿ. ಹಾಸ್ಟೆಲಿನ ಮಕ್ಕಳ ಬಟ್ಟೆ ಪ್ರತಿ ವರ್ಷ ಅವರಿಂದಲೇ ಬರುತ್ತದೆ. ದಾರಿಯಲ್ಲಿದೆ, ಕಂಡು ಹೋಗಿರೆಂದು ಮಾಸ್ತರು ಹೇಳಿದ್ದರು. ಹಣೆತುಂಬ ವಿಭೂತಿ ಹಚ್ಚಿದ್ದ ಶೆಟ್ಟರು ನನ್ನನ್ನು ಗಾದಿಯ ಮೇಲೆ ತಮ್ಮ ಪಕ್ಕದಲ್ಲಿ ಕೂಡಿಸಿಕೊಂಡರು. ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿದರು.

"ನಿಮ್ಮ ಮನಿಯಾಕಿ ನನ್ನ ಇಜ್ಜತ್ ತೆಗದಿದ್ಲು ಒಮ್ಮೆ, ಹೇಳ್ಯಾಳೇನು?" ಎಂದರು.

ಇಲ್ಲವೆಂದೆ.

"ಮಗಳ ಲಗ್ನ ಇತ್ತು. ನಿಮ್ಮ ಮಕ್ಕಳನ್ನ ಕರ್ಕೊಂಡು ಬಾರವ್ವ, ಬೀಗರ ಮುಂದ ಸಾಲಾಗಿ ನಿಂದರ್ಸಿ ಒಂದೊಂದು ಚಾದರ ಹೊದಸ್ತೀನಿ ಅಂದೆ. ಫೋಟೋದವನಿಗೂ ಹೇಳಿದ್ದೆ. ಆಕಿ, 'ಶೆಟ್ರ, ನಿಮ್ಮ ಬೀಗರನ್ನ ಹೆಂಗ ಕರದೀರಿ?' ಅಂದ್ಲು. ಪತ್ರಿಕಿ ಕೊಟ್ಟು, ಅಂದೆ. 'ಹಂಗಾರ ನಮ್ಮ ಮಕ್ಕಳಿಗೂ ಪತ್ರಿಕಿ ಕೊಡ್ರಿ, ಊಟಕ್ಕ ಬರ್ತಾವ. ನಿಂದ್ರಾಕ ಬರಂಗಿಲ್ಲ.' ಅಂಗಡಿ ತುಂಬ ಗಿರಾಕಿ. ಎಲ್ಲಾರೂ ನನ್ನ ಮಾರಿ ನೋಡಾಕತ್ರು."

"ಏನು ಮಾಡಿದ್ರಿ?"

"ಏನ್ ಮಾಡ್ಲಿ? ಒಂದು ವಾರ ಸಿಟ್ಟು ಮಾಡಿದೆ. ಆಮೇಲೆ ಅರಿಶಿಣ ಹಚ್ಚಿ ಒಂದೊಂದು ಕೂಸಿನ ಹೆಸರಿಗೆ ಒಂದೊಂದು ಪತ್ರಿಕಿ ಬರೆಸಿದೆ. ಬಂದ್ವು. ಬೀಗರ ಪಂಕ್ತ್ಯಾಗ ಕೂತು ಉಂಡ್ವು. ಒಬ್ಬಾಕಿ ಹುಡುಗಿ ನಮ್ಮ ಬೀಗರಿಗೇ, 'ಹೋಳಿಗೀಗೆ ತುಪ್ಪ ಕಮ್ಮಿ ಆಗೇದ, ಕೇಳ್ರಿ' ಅಂದಳಂತ!" ಶೆಟ್ಟರು ಹೊಟ್ಟೆ ಹಿಡಿದು ನಕ್ಕರು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, "ಬಟ್ಟಿ ನಿಲ್ಲಂಗಿಲ್ಲ. ಅದನ್ನ ಕೇಳಾಕ ಬಂದಿದ್ರ ಕೇಳಬ್ಯಾಡ್ರಿ" ಎಂದರು.

ಸಂಜೆಯ ಬಸ್ಸಿಗೆ ಸಿಂಧನೂರು ಹತ್ತಿರವಾದಂತೆ ನೆಲದ ಬಣ್ಣವೇ ಬದಲಾಯಿತು. ಕಾಲುವೆ, ಕಾಲುವೆಯ ಎರಡೂ ಕಡೆ ಕೊಯ್ದ ಗದ್ದೆ, ಮೆದೆ, ಅಕ್ಕಿ ಗಿರಣಿಗಳ ಹೊಗೆ, ಗಾಳಿಯಲ್ಲಿ ಬೇಯಿಸಿದ ಭತ್ತದ ವಾಸನೆ. ಬಸ್ಸಿನಲ್ಲಿ ಅರ್ಧ ಮಾತು ತೆಲುಗು. ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ತಂಗಿದೆ. ಖಾನಾವಳಿಯಲ್ಲಿ ಅನ್ನ, ಗೋಂಗೂರ ಚಟ್ನಿ ಕೊಟ್ಟರು. ಖಾರ ಹೆಚ್ಚಾಗಿ ಎರಡು ಸಲ ಮಜ್ಜಿಗೆ ಕೇಳಿದೆ.

ಬೆಳಿಗ್ಗೆ ಟೆಂಪೋ ಹಿಡಿದು ಗೊರೇಬಾಳಕ್ಕೆ ಹೋದೆ. ದೊಡ್ಡಬಸಪ್ಪನ ಕಣ ಊರ ಹೊರಗೆ, ಕಾಲುವೆಯ ಏರಿಯ ಕೆಳಗಿತ್ತು. ಸಗಣಿ ಸಾರಿಸಿದ ದೊಡ್ಡ ದುಂಡು ಕಣ. ನಡುವೆ ತೂರಿ ಕೂಡಿಸಿದ ಭತ್ತದ ರಾಶಿ, ನೆತ್ತಿಯ ಮೇಲೆ ಸಗಣಿಯ ಬೆನಕ, ಗರಿಕೆ, ಸುತ್ತ ಬೂದಿಯ ಗೆರೆ. ಪೂಜೆ ಆಗಿತ್ತು, ಅಳತೆ ಶುರುವಾಗಿತ್ತು. ದೊಡ್ಡಬಸಪ್ಪ ನಲವತ್ತರ ಗಟ್ಟಿ ಆಳು. ಮೊದಲ ಅಳತೆಗೆ ಒಂದು ಎನ್ನದೆ "ಲಾಭ" ಎಂದು ಹೇಳಿ, ಮುಂದೆ ಎಣಿಕೆ ಬಿಟ್ಟು ಬೇರೆ ಮಾತಿಲ್ಲದೆ ಅಳೆಯುತ್ತಿದ್ದ. ಕೂಲಿಯವರೂ ಸುಮ್ಮನಿದ್ದರು. ಊರ ಬಡಿಗ, ಕಮ್ಮಾರ ಕಣದೊಳಗೆ ಬರಿಗಾಲಲ್ಲಿ ನಿಂತಿದ್ದರು.

ನಾನೂ ಅವರಂತೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ನಿಂತೆ. ಯಾರೂ ನನ್ನನ್ನು ನೋಡಲಿಲ್ಲ. ಬಡಿಗನಿಗೆ ಅಳೆದಾಯಿತು, ಕಮ್ಮಾರನಿಗೆ ಅಳೆದಾಯಿತು. ದೊಡ್ಡಬಸಪ್ಪ ಅಳತೆಯ ಡಬ್ಬಿ ಪಕ್ಕಕ್ಕಿಟ್ಟು ಚೀಲದ ಬಾಯಿಗೆ ಕೈ ಹಾಕಿದ. ಎಲ್ಲ ಮುಗಿದೇ ಹೋಯಿತೆಂದುಕೊಂಡೆ. ಹಾಸ್ಟೆಲಿನ ಅಡುಗೆಮನೆ ಕಣ್ಣ ಮುಂದೆ ಬಂತು. ಹೆಗಲ ಟವೆಲು ಕೈಗೆ ತೆಗೆದುಕೊಂಡು, "ಗೌಡ್ರ, ಲಿಂಗಸುಗೂರಿನ ಮಕ್ಕಳ ಹಾಸ್ಟೆಲಿಗೆ ಏನಾರ ಕೊಡ್ರಿ" ಎಂದೆ.

ದೊಡ್ಡಬಸಪ್ಪನ ಕೈ ನಿಂತಿತು. ಮೆದೆಯ ನೆರಳಲ್ಲಿ ಕೂತಿದ್ದ ಅವನ ತಾಯಿ ಲಕ್ಷ್ಮವ್ವ ತಲೆ ಎತ್ತಿದಳು.

"ಯಾರಪ್ಪಾ ನೀ? ಬೇಡಾಕ ಬರೋರು ಅಳತಿ ಮುಗದ ಮ್ಯಾಲ ಬರ್ಬೇಕು. ಅಷ್ಟೂ ಗೊತ್ತಿಲ್ಲೇನು?"

"ನಾ ನೀಲಮ್ಮನ ಗಂಡ್ರೀ. ಹಟ್ಟಿಯಿಂದ ಬಂದೀನಿ."

ಮುದುಕಿ ಕೋಲು ಊರಿ ಎದ್ದು ಬಂದಳು. ನನ್ನ ಮುಖ ನೋಡಿದಳು, ಕಾಲು ನೋಡಿದಳು. "ಹೋಗ್ಯಾಳಂತ ಕೇಳಿದ್ವಿ. ಯಾರಾರ ಬರ್ತಾರೇನು ಅಂತ ಮುಂಜಾನಿಂದ ಏರಿ ಕಡೆ ನೋಡಾಕತ್ತೀನಿ. ನೀ ಬಂದು ಒಳಗ ನಿಂತ್ರ ನನಗ್ಹೆಂಗ ಗೊತ್ತಾಗಬೇಕಪ್ಪಾ? ಆಕಿ ಜಾಗ ಇದಲ್ಲ. ಅಕಾ ಅಲ್ಲಿ." ಕಣದ ಹೊರಗೆ, ಅಂಚಿಗಿದ್ದ ಒಂದು ಬೇವಿನ ಗಿಡ ತೋರಿಸಿದಳು. "ಹೋಗಿ ಕೇಳಿಬಿಟ್ಯಲ್ಲೋ! ಆಕಿ ಒಂದು ದಿನ ಬಾಯಿ ಬಿಟ್ಟು ಕೇಳಿದಾಕಿ ಅಲ್ಲ."

ನೀಲಮ್ಮ ಕಣಕ್ಕೆ ಬಂದ ಮೊದಲ ವರ್ಷದ ಕಥೆಯನ್ನು ಲಕ್ಷ್ಮವ್ವ ನಿಂತಲ್ಲೇ ಹೇಳಿದಳು. ಆಗ ಅವಳ ಗಂಡ ಇದ್ದ. ಕಣದೊಳಗೆ ಚಪ್ಪಲಿ, ಕಾಲ್ಮರಿ ಹಾಕಿಕೊಂಡು ಬರುವಂತಿಲ್ಲ. ನೀಲಮ್ಮನ ಬೂಟು ಕಬ್ಬಿಣಕ್ಕೇ ಕೂಡಿತ್ತು. ಅದನ್ನು ಬಿಚ್ಚಿ ಕೂತಲ್ಲಿಂದ ತೆವಳಿಕೊಂಡು ಬರಲಿ ಎಂದರು ಕೆಲವರು. ಪಾಪ, ಅಂಗವಿಕಲೆ, ಬೂಟು ಹಾಕಿಕೊಂಡೇ ಬರಲಿ ಎಂದರು ಕೆಲವರು. "ಆಕಿ ಎರಡಕ್ಕೂ ಒಪ್ಪಲಿಲ್ಲ. ನಿಮ್ಮ ಕಟ್ಟಳಿ ನನ್ನ ಸಲುವಾಗಿ ಮುರೀಬ್ಯಾಡ್ರಿ, ನಾನೂ ತೆವಳಿ ಬರಂಗಿಲ್ಲ, ಇಲ್ಲೇ ಇರ್ತೀನಿ ಅಂದ್ಲು. ಅಷ್ಟೇ ಮಾತು. ಬಿಸಿಲಾಗ ಆ ಗಿಡದ ಬಾಜೂಕ ನಿಂತ್ಲು. ಎಲ್ಲಾರ ಅಳತಿ ಮುಗೀತು, ಆಕಿ ಹಂಗೇ ನಿಂತಾಳ. ಕಡೀಕ ನಮ್ಮ ಹಿರ್ಯಾ, ಇವನಪ್ಪ, ಎದ್ದ. ಬುಟ್ಟಿ ತುಂಬಿ, ತಾನೇ ತಲಿ ಮ್ಯಾಲ ಹೊತ್ಕೊಂಡು ಹೋಗಿ ಆಕಿ ಮುಂದ ಇಳಿಸಿದ. ಊರ ಗೌಡ ಹೊತ್ಕೊಂಡು ಹೊಂಟಾನ ಅಂತ ಮಂದಿ ಏರಿ ಮ್ಯಾಲ ನಿಂತು ನೋಡಿದ್ರು. ಅವತ್ತಿಂದ ಆ ಆಯ ನಾವ ಹೊತ್ಕೊಂಡು ಹೋಗಿ ಕೊಡೂದು."

ನೀಲಮ್ಮ ಮನೆಯಲ್ಲಿ ಇದನ್ನು ಹೇಳಿರಲಿಲ್ಲ. ಗೊರೇಬಾಳದ ಮಂದಿ ಒಳ್ಳೆಯವರು ಎಂದಷ್ಟೇ ಹೇಳುತ್ತಿದ್ದಳು.

ದೊಡ್ಡಬಸಪ್ಪ ರಾಶಿಯಿಂದ ಒಂದು ಬೊಗಸೆ ಭತ್ತ ತುಂಬಿ ನನ್ನ ಟವೆಲಿಗೆ ಹಾಕಿದ. ಇಷ್ಟೇ ಏನೋ ಎಂದುಕೊಂಡೆ.

"ಇದು ಕೇಳಿದ್ದಕ್ಕ" ಎಂದ. "ಕಣದಾಗ ಕೇಳಿದವ್ರನ್ನ ಬರಿಗೈಲೆ ಕಳಸಂಗಿಲ್ಲ. ಇನ್ನ ಹೊರಗ ಹೋಗಿ ನಿಂದ್ರಿ. ನಿಮ್ಮದು ತರ್ತೀನಿ."

ಚಪ್ಪಲಿ ಮೆಟ್ಟಿಕೊಂಡು ಬೇವಿನ ಗಿಡದ ಹತ್ತಿರ ಹೋಗಿ ನಿಂತೆ. ಕೂಲಿಯವನೊಬ್ಬ, "ಗೌಡ್ರ, ನೀಲಕ್ಕಾರ ಮನಿಯವ್ರ ಕಾಲು ಭೇಷ್ ಅದಾವ. ಒಳಗ ಕರದು ಅವರ ತಲಿಗೇ ಹೊರಸ್ರಿ!" ಎಂದ. ಎಲ್ಲರೂ ನಕ್ಕರು.

"ಬಾಯಿ ಮುಚ್ಚಲೇ, ಅಳತಿಯಾಗ ನಿದ್ದಿ ಮಾಡಾವ ನೀ" ಎಂದಳು ಲಕ್ಷ್ಮವ್ವ.

ದೊಡ್ಡಬಸಪ್ಪ ನಗಲಿಲ್ಲ. "ಕಾಲು ಯಾರ್ದಾರ ಹೆಂಗಾರ ಇರ್ಲಿ. ಈ ಆಯ ಅಲ್ಲಿಗೇ ಹೋಗ್ತದ" ಎಂದು ಬುಟ್ಟಿ ತುಂಬಿ ತಲೆಯ ಮೇಲೆ ಇಟ್ಟುಕೊಂಡ. ಬಿಸಿಲಲ್ಲಿ ಕಣ ದಾಟಿ ಬಂದು ನನ್ನ ಕಾಲ ಬಳಿ ಇಳಿಸಿದ. ಮತ್ತೆ ಹೋದ, ಮತ್ತೆ ತಂದ. ಚೀಲಗಳು ತುಂಬುವವರೆಗೆ ಬೇರೆ ಯಾರಿಗೂ ಬುಟ್ಟಿ ಮುಟ್ಟಗೊಡಲಿಲ್ಲ. ಅಷ್ಟು ಹೊತ್ತೂ ನಾನು ಬಾಯಿ ಬಿಡದೆ ನಿಂತಿದ್ದೆ. ಅವಳ ಕೆಲಸದಲ್ಲಿ ಎಷ್ಟು ಬಲ ಬೇಕಿತ್ತೆಂದು ಆಗ ಗೊತ್ತಾಯಿತು. ಗಣಿಯಲ್ಲಿ ಡ್ರಿಲ್ ಹಿಡಿದವನಿಗೆ ಸುಮ್ಮನೆ ನಿಲ್ಲುವುದು ಅಷ್ಟು ಕಷ್ಟವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಸುತ್ತಲಿನ ಕಣಗಳಿಗೆ ಹೋಗಿತ್ತು. ಆ ದಿನ, ಮರುದಿನ ಒಂದೊಂದೇ ಕಣಕ್ಕೆ ಹೋದೆ. ಅಂಚಿಗೆ ನಿಂತೆ, ಕೇಳಲಿಲ್ಲ. ಎಲ್ಲ ಕಡೆಯೂ ಕಣದ ಯಜಮಾನನೇ ಹೊತ್ತು ತಂದ. ಆಂಧ್ರದಿಂದ ಬಂದು ನೆಲೆಸಿದವರ ಒಂದು ಕ್ಯಾಂಪಿನಲ್ಲಿ ತೆಲುಗಿನ ರೈತರೊಬ್ಬರು ಬುಟ್ಟಿ ಇಳಿಸಿ, "ಅಮ್ಮಗಾರು ಇದ್ದಾಗ ಒಂದು ಗ್ಲಾಸ್ ಮಜ್ಜಿಗಿ ಕುಡೀತಿದ್ರು, ನೀವೂ ತಗೋಳ್ರಿ" ಎಂದು ಕೈಗೆ ಲೋಟ ಕೊಟ್ಟರು.

ಚೀಲಗಳನ್ನು ಸಿಂಧನೂರಿನ ಗಿರಣಿಗೆ ಹಾಕಿ, ಲಾರಿ ಬರುವವರೆಗೆ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಇಬ್ಬರು ರೈತರು ಬಂದು ಮಾತಾಡಿಸಿದರು. ದಢೇಸುಗೂರಿನವರು. ತಮ್ಮೂರಿನಲ್ಲೂ ಕಾಲು ಸೋತ ಮಕ್ಕಳಿವೆ, ನೀಲಕ್ಕ ಸುಗ್ಗಿ ಮುಗಿದ ಮೇಲೆ ಬರುತ್ತೇನೆಂದಿದ್ದರು ಎಂದರು.

"ನೀವು ಬರ್ತೀರೇನ್ರಿ?" ಎಂದು ಒಬ್ಬ ಕೇಳಿದ.

"ಮಾಸ್ತರಿಗೆ ಹೇಳ್ತೀನ್ರಿ" ಎಂದೆ. ಆಯ ನಿಂತುಹೋಗದ ಹಾಗೆ ನಿಲ್ಲುವುದನ್ನು ಕಲಿತಿದ್ದೆ. ಗೊತ್ತಿಲ್ಲದ ಊರಿಗೆ ಮೊದಲ ಸಲ ಹೋಗಿ, ಯಾವ ಮನೆಯ ಕದ ತಟ್ಟಬೇಕು, ಮಗುವನ್ನು ಒಳಗೆ ಮುಚ್ಚಿಟ್ಟುಕೊಂಡ ತಾಯಿಗೆ ಏನು ಹೇಳಬೇಕು, ಅದು ನನಗೆ ಬಾರದು.

ಲಾರಿಯ ಮುಂದಿನ ಸೀಟಿನಲ್ಲಿ ಕೂತು ಅಕ್ಕಿಯೊಂದಿಗೆ ಲಿಂಗಸುಗೂರಿಗೆ ಮರಳಿದೆ. ಹಾಸ್ಟೆಲಿನ ಅಡುಗೆಮನೆ ಮುಚ್ಚಲಿಲ್ಲ. ಅಂದಿನಿಂದ ಪ್ರತಿ ಸುಗ್ಗಿಗೂ ರಜೆ ಹಾಕಿ ಗೊರೇಬಾಳಕ್ಕೆ ಹೋಗುತ್ತಿದ್ದೇನೆ, ಹಳೆಯ ಕಣ ಒಂದೂ ತಪ್ಪಿಲ್ಲ. ದಢೇಸುಗೂರು ಇನ್ನೂ ಸೇರಿಲ್ಲ. ಕೇಂದ್ರದಿಂದ ಇಬ್ಬರು ಹೋಗಿ ಬಂದರು, ಆಗಲಿಲ್ಲ. ಹೊಸ ಊರಿಗೆ ಹೋಗಿ ಶುರು ಮಾಡುವವರು ನಮ್ಮಲ್ಲಿ ಯಾರೂ ಇಲ್ಲ.