ಅರ್ಧಕ್ಕೆ ನಿಂತ ಛಾವಣಿ

೨೦೧೩ರ ಬೇಸಿಗೆ. ದುಬೈ ಸಿಲಿಕಾನ್ ಓಯಸಿಸ್‌ನಲ್ಲಿದ್ದ ಕಾರು ಕಂಪನಿಯೊಂದರ ತಾಂತ್ರಿಕ ಕಚೇರಿಯಲ್ಲಿ ನಾನು ಟೆಸ್ಟ್ ಎಂಜಿನಿಯರ್ ಆಗಿದ್ದೆ. ಯುರೋಪಿನಲ್ಲಿ ತಯಾರಾದ ಹೊಸ ಮಾದರಿಗಳು ಕೊಲ್ಲಿಯ ಬಿಸಿಲನ್ನು ತಾಳುತ್ತವೆಯೇ ಎಂದು ಪರೀಕ್ಷಿಸುವುದು ನಮ್ಮ ಕೆಲಸ. ಆ ವರ್ಷ ಬಂದದ್ದು ಫೋಲ್ಡಿಂಗ್ ಹಾರ್ಡ್‌ಟಾಪ್. ಅಂದರೆ, ಗುಂಡಿ ಒತ್ತಿದರೆ ಲೋಹದ ಗಟ್ಟಿ ಛಾವಣಿಯೇ ಎರಡಾಗಿ ಮಡಚಿಕೊಂಡು ಡಿಕ್ಕಿಯೊಳಗೆ ಕೂರುವ ಕಾರು. ಪ್ರತಿ ಹಂತ ಮುಗಿದಾಗಲೂ ಒಂದು ಸೆನ್ಸರ್ ಕಾರಿನ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸಬೇಕು. ಸುದ್ದಿ ಬಾರದಿದ್ದರೆ ಛಾವಣಿ ಇದ್ದಲ್ಲೇ ನಿಲ್ಲುತ್ತದೆ.

ಜುಲೈನಲ್ಲಿ ಯುರೋಪಿನ ಕಾರ್ಖಾನೆಯಿಂದ ಯೋಜನೆಯ ಮುಖ್ಯಸ್ಥ ಹೆನ್ರಿಕ್ ಬಂದರು. ಅವರು, ನಾನು, ಮೂಡುಬಿದಿರೆ ಕಡೆಯ ಟೆಸ್ಟ್ ಡ್ರೈವರ್ ವಿಲ್ಫ್ರೆಡ್, ಮೂವರೂ ಬಿಸಿಲಿನ ಪರೀಕ್ಷೆಗೆ ಅಬುಧಾಬಿಗೆ ಹೋದೆವು. ಅಲ್ ಮೀನಾದ ಕಾರ್ಪೆಟ್ ಅಂಗಡಿಗಳೆದುರು ಕಾರು ಮಧ್ಯಾಹ್ನವಿಡೀ ಬಿಸಿಲಲ್ಲಿ ನಿಂತಿತು. ಇಳಿಹೊತ್ತಿಗೆ ವಿಲ್ಫ್ರೆಡ್ ಗುಂಡಿ ಒತ್ತಿದರು. ಡಿಕ್ಕಿ ಬಾಯ್ದೆರೆಯಿತು, ಛಾವಣಿ ಎದ್ದಿತು, ಅರ್ಧಕ್ಕೇ ನಿಂತಿತು. ಇನ್ನೂ ಬಿಡುಗಡೆಯಾಗದ ಕಾರಿನ ಗುಟ್ಟೆಲ್ಲ ನಡುಬೀದಿಯಲ್ಲಿ ಬಯಲು.

"ಶೆಟ್ರೆ, ಜನ ಫೋಟೋ ತೆಗೀತಿದ್ದಾರೆ ಮಾರಾಯ್ರೆ! ನೀವು ಅಡ್ಡ ನಿಲ್ಲಿ," ಎಂದು ನನಗೆ ಹೇಳಿದವರೇ ವಿಲ್ಫ್ರೆಡ್ ಎದುರಿನ ಅಂಗಡಿಗೆ ಓಡಿದರು. ಅಂಗಡಿಯ ಪಠಾಣ ಏನೂ ಕೇಳದೆ ದೊಡ್ಡದೊಂದು ಕೆಂಪು ಕಾರ್ಪೆಟ್ಟಿನ ತುದಿ ಹಿಡಿದು ಬಂದ. "ಯಲ್ಲಾ, ಯಲ್ಲಾ!" ಎಂದು ಜನರನ್ನು ಸರಿಸಿ, ಕಾರಿಗೆ ಹೊದಿಸಿದ. ಹೆನ್ರಿಕ್ ಅವರಿಗೂ ನಗು ತಡೆಯಲಾಗಲಿಲ್ಲ.

ಕೆಟ್ಟ ಕಾರು ಹೊತ್ತೊಯ್ಯುವ ರಿಕವರಿ ಗಾಡಿ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಕಾರ್ಪೆಟ್ ತೆಗೆದು, ಇರಲೆಂದು ಇನ್ನೊಮ್ಮೆ ಗುಂಡಿ ಒತ್ತಿದೆವು. ಛಾವಣಿ ಏನೂ ಆಗಿಲ್ಲವೆಂಬಂತೆ ಮುಚ್ಚಿಕೊಂಡಿತು.

"ಸರಿಯಾಯಿತಲ್ಲ! ಆಕಸ್ಮಿಕ ಎಂದು ಬರೆದು ಪಾಸ್ ಮಾಡಿ. ಈ ಬಿಸಿಲಲ್ಲಿ ಯಾರು ಛಾವಣಿ ತೆರೆಯುತ್ತಾರೆ?" ಎಂದರು ಹೆನ್ರಿಕ್.

ನನ್ನ ಕಾಂಟ್ರಾಕ್ಟ್ ಮುಂದುವರಿಯಲು ಅವರ ಒಪ್ಪಿಗೆ ಬೇಕಿತ್ತು. ಹೆಂಡತಿ ಮಕ್ಕಳ ವೀಸಾ ಕೂಡ ಅದನ್ನೇ ನೆಚ್ಚಿತ್ತು. ಆದರೂ ಹೇಳಿದೆ: "ಹಗಲೆಲ್ಲ ಆಫೀಸಿನ ಮುಂದೆ ಕಾದ ಕಾರಲ್ಲೇ ಇಲ್ಲಿಯವರು ಸಂಜೆ ಸಮುದ್ರದ ಕಡೆ ಹೋಗುವುದು. ನಾಳೆ ಮತ್ತೆ ನೋಡೋಣ. ಸರಿಯಾಗಿ ತೆರೆದರೆ ಸಹಿ ಹಾಕುತ್ತೇನೆ."

ಅವರು ರಿಕವರಿ ಗಾಡಿಯತ್ತ ನಡೆದರು. ವಿಲ್ಫ್ರೆಡ್ ಮೆಲ್ಲಗೆ ಅಂದರು: "ನಾಳೆ ಅದು ಓಪನ್ ಆದ್ರೆ ನಿಮ್ಮ ಕತೆ ಖಲಾಸ್, ಶೆಟ್ರೆ."

ನಾನೇ ಪರೀಕ್ಷಿಸುವ ಯಂತ್ರ ಕೆಡಲಿ ಎಂದು ಹಾರೈಸಿದ್ದು ಅದೊಂದೇ ಸಲ. ಮರುದಿನ ನಮ್ಮ ಕಚೇರಿಯ ಪಾರ್ಕಿಂಗ್‌ನಲ್ಲಿ ಹಗಲೆಲ್ಲ ಕಾದ ಕಾರಿನ ಛಾವಣಿ ಸಂಜೆ ಅದೇ ಹಂತದಲ್ಲಿ ನಿಂತಿತು. ಹೆನ್ರಿಕ್ ತಾವೇ ಕೈಗವಸು ತೊಟ್ಟು ಬಗ್ಗಿ ನೋಡಿದರು. ನೇರ ಬಿಸಿಲಿಗೆ ಛಾವಣಿಯ ತಗಡು ಕೆಳಗಿನ ಬಾಡಿಗಿಂತ ಬಹಳ ಹೆಚ್ಚು ಕಾದು, ಸೆನ್ಸರ್ ಹಿಡಿದಿದ್ದ ಪ್ಲಾಸ್ಟಿಕ್ ತುಂಡು ಕೂದಲೆಳೆಯಷ್ಟು ಬಾಗಿ, ಸೆನ್ಸರಿನ ಸುದ್ದಿ ತಪ್ಪುತ್ತಿತ್ತು; ತಣಿದರೆ ಮತ್ತೆ ನೆಟ್ಟಗಾಗುತ್ತಿತ್ತು. ಕಾರ್ಖಾನೆಯ ಬಿಸಿ ಕೋಣೆಯಲ್ಲಿ ಇಡೀ ಕಾರು ಒಂದೇ ಸಮ ಕಾಯುತ್ತಿದ್ದುದರಿಂದ ಅಲ್ಲಿ ಇದು ಕಂಡಿರಲಿಲ್ಲ. ಅಲ್ಲೇ ನಿಂತು ಅವರು ಫೋನ್ ಮಾಡಿದರು: "ಬಿಡುಗಡೆ ಮುಂದೂಡಿ."

ಆ ತುಂಡನ್ನು ಲೋಹದಲ್ಲಿ ಮಾಡಿ, ಮುಂದಿನ ಬೇಸಿಗೆಯಲ್ಲಿ ಮತ್ತೆ ಪರೀಕ್ಷಿಸಿದೆವು. ಛಾವಣಿ ಒಮ್ಮೆಯೂ ನಿಲ್ಲಲಿಲ್ಲ. ನನ್ನ ಕಾಂಟ್ರಾಕ್ಟೂ ಮುಂದುವರಿಯಿತು. ಯಂತ್ರವನ್ನು ಅದು ಬಾಳಬೇಕಾದ ಊರಿನಲ್ಲಿ, ಅಲ್ಲಿನವರು ಬಳಸುವ ಹೊತ್ತಿನಲ್ಲೇ ನೋಡಬೇಕು ಎಂಬುದು ನಾನು ಕಲಿತ ಪಾಠ. ಅದರ ಬೆಲೆ ತಿಳಿದದ್ದು ಕಾರು ಮಾರುಕಟ್ಟೆಗೆ ಬಂದ ಮೇಲೆ ಒಂದು ಸಂಜೆ, ಸಿಗ್ನಲ್‌ನಲ್ಲಿ. ಪಕ್ಕದಲ್ಲಿ ನಿಂತಿದ್ದ ಅದೇ ಮಾದರಿಯ ಕಾರಿನ ಛಾವಣಿ ಮಡಚಿಕೊಂಡಿತು. ಹಿಂದಿನ ಸೀಟಿನ ಹುಡುಗಿಯರಿಬ್ಬರು ಗಾಳಿಗೆ ಕೈ ಚಾಚಿದರು. ಛಾವಣಿ ಎಲ್ಲಿ ಹೋಯಿತೆಂದು ಅವರು ತಿರುಗಿಯೂ ನೋಡಲಿಲ್ಲ.