ಹಾಜರಿ ಸಹಿಗೂ ಮೊದಲು ಒಂದು ಸಾಲು

ಗೆಳೆಯರೇ, ಇಂದು ಮುಂಡರಗಿ ಬಳಿಯ ನಮ್ಮೂರಲ್ಲಿ ಗ್ರಾಮಸಭೆ. ಉಳಿದ ಗೋಮಾಳವನ್ನೂ ಗಾಳಿಯಂತ್ರದ ಕಂಪನಿಗೆ ಕೊಡುವ ವಿಚಾರ. ಮಾತಿಗೆ ಮೊದಲೇ ಪಂಚಾಯಿತಿ ಅಧಿಕಾರಿ ಹಾಜರಿ ಪುಸ್ತಕ ಕಳಿಸಿದರು. ಹಿಂದೊಮ್ಮೆ ಹೀಗೆಯೇ ಸಹಿ ಮಾಡಿದ್ದೆವು. ಆಮೇಲೆ ಆ ಸಹಿಗಳ ಮೇಲಿನ ಖಾಲಿ ಜಾಗದಲ್ಲಿ ‘ಎಲ್ಲರ ಒಪ್ಪಿಗೆ ಇದೆ’ ಎಂದು ಠರಾವು ಬರೆದು ಅರ್ಧ ಗೋಮಾಳ ಕೊಟ್ಟುಬಿಟ್ಟರು.

ಕುರಿ ಕಾಯುವ ನೀಲವ್ವ ಪುಸ್ತಕವನ್ನು ನನ್ನತ್ತ ತಳ್ಳಿದಳು. “ಮಾಸ್ತರ, ಮೊದ್ಲ ‘ಒಪ್ಪಿಗಿ ಇಲ್ಲ’ ಅಂತ ಬರೀರಿ. ಅದರ ಕೆಳಗ ಹೆಬ್ಬಟ್ಟ ಒತ್ತತೀನಿ.”

ಬರೆದೆ. ಎಲ್ಲರೂ ಅದರ ಕೆಳಗೇ ಸಹಿ ಹಾಕಿದರು.

ಅಧಿಕಾರಿಯ ಪಕ್ಕ ಕೂತಿದ್ದ ಕಂಪನಿಯ ಮ್ಯಾನೇಜರ್ ಎದ್ದರು: “ಹಿಂಗ ಬರದ್ರ ಸರ್ಕಾರ ಒಪ್ಪಂಗಿಲ್ರಿ.”

“ಸರ್ಕಾರ ನಿಮ್ಮ ಬಾಜೂಕ ಕುಂತೈತಲ್ರಿ, ಅದಕ್ಕ ಬಾಯಿ ಇಲ್ಲೇನು?” ಎಂದಳು ನೀಲವ್ವ.

ಅಧಿಕಾರಿ ಉತ್ತರಕ್ಕಾಗಿ ಮ್ಯಾನೇಜರರ ಮುಖ ನೋಡಿದರು. ನಾನು ಆ ಪುಟದ ಫೋಟೋ ತೆಗೆದಿಟ್ಟುಕೊಂಡೆ. ಸರ್ಕಾರಕ್ಕೆ ಬಾಯಿ ಬಂದ ದಿನ ಬೇಕಾಗುತ್ತದೆ.